ಮೀನಿಗೆ ತಿಂಡಿ ಬಿಟ್ಟೈತಿ!

ಭಾನುವಾರ ಸಂಜೆ ಲಿಂಗಸುಗೂರಿನಿಂದ ಅಕ್ಕನ ಮಗಳ ಫೋನು. "ಮಾಮಾ, ನಮ್ಮ ಮೀನಿಗೆ ತಿಂಡಿ ಬಿಟ್ಟೈತಿ. ಕಲ್ಲಿಗೆ ಮೈ ತಿಕ್ಕಾಕ ಹತ್ಯಾವು. ಲಗೂ ಬಾ."

ನನ್ನ ಪಕ್ಕ ಕೂತಿದ್ದ ಬೆಂಗಳೂರಿನ ಗೆಳೆಯ, "ಒಳ್ಳೇದಾಯ್ತಲ್ಲ, ತಿಂಡಿ ತಿನ್ನಲಿ ಬಿಡು" ಎಂದ. ಅವನ ಊರಲ್ಲಿ ತಿಂಡಿ ಎಂದರೆ ಇಡ್ಲಿ, ದೋಸೆ. ನಮ್ಮ ರಾಯಚೂರು ಕಡೆ ತಿಂಡಿ ಎಂದರೆ ಮೈ ಕೆರೆತ. ಬೆನ್ನಿನಲ್ಲಿ ಕೈಗೆ ಎಟುಕದ ಜಾಗದಲ್ಲಿ ಶುರುವಾದರಂತೂ ಬಾಗಿಲ ಚೌಕಟ್ಟೇ ಗತಿ. ಎಮ್ಮೆಗೆ ಬೇವಿನ ಮರ, ಹಂದಿಗೆ ವಿದ್ಯುತ್ ಕಂಬ. ಮೀನಿಗೆ? ಕೈಯಿಲ್ಲ, ಕಾಲಿಲ್ಲ, ಉಗುರಿಲ್ಲ. ಗಾಜಿನ ತೊಟ್ಟಿಯೊಳಗೆ ಅದಕ್ಕೆ ಸಿಗುವುದು ತಳದ ಹರಳು, ಒಂದೆರಡು ಕಲ್ಲು, ಫಿಲ್ಟರಿನ ಕೊಳವೆ, ಅಷ್ಟೇ.

ನನಗೆ ಕೂಡಲೇ ಹೊರಡಲು ಆಗುತ್ತಿರಲಿಲ್ಲ. ಹಾಗಾಗಿ ಅವಳಿಗೊಂದು ಕೆಲಸ ಹಚ್ಚಿದೆ. "ಹಳೇ ನೋಟ್‌ಬುಕ್ ತಗೋ. ದಿನಾ ಸಂಜೆ ದೀಪ ಹಚ್ಚೋ ಹೊತ್ತಿಗೆ ತೊಟ್ಟಿ ಮುಂದ ಕೂಡು. ಹತ್ತು ನಿಮಿಷದಾಗ ಎಷ್ಟು ಸಲ ಮೈ ತಿಕ್ಕತಾವು ಎಣಿಸಿ ಬರಿ. ಶುಕ್ರವಾರ ಬರ್ತೀನಿ. ಅಲ್ಲೀತನಾ ಯಾವ ಔಷಧಾನೂ ಹಾಕಬ್ಯಾಡ."

"ಬರೇ ಎಣಸೋದಾ?" ಅವಳ ದನಿಯಲ್ಲಿ ನಿರಾಸೆ. ಡಾಕ್ಟರು ಇಂಜೆಕ್ಷನ್ ಕೊಡದೆ ಕಳಿಸಿದರೆ ಅಜ್ಜಿಯರಿಗೆ ಆಗುತ್ತದಲ್ಲ, ಅದೇ ನಿರಾಸೆ.

ಶುಕ್ರವಾರ ಸಿಂಧನೂರಿನಲ್ಲಿ ಬಸ್ಸು ಹತ್ತಿದೆ. ನಮ್ಮ ಸಿಂಧನೂರು ಸೀಮೆಯಲ್ಲಿ ಎಲ್ಲಿ ನೋಡಿದರೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ. ಗದ್ದೆಗಳ ನಡುವೆ ಅಲ್ಲಲ್ಲಿ ಚೌಕಾಕಾರದ ಮೀನು ಹೊಂಡಗಳು. ಕಾಟ್ಲಾ, ರೋಹು ಸಾಕುವ ಹೊಂಡಗಳಿವು. ಇಂಥ ಹೊಂಡದ ಮೀನಿಗೂ ತಿಂಡಿ ಬಿಡುತ್ತದೆ. ಅಲ್ಲಿನ ದೊಡ್ಡ ಕಳ್ಳನ ಹೆಸರು ಆರ್ಗ್ಯುಲಸ್, ರೂಢಿಯಲ್ಲಿ ಮೀನಿನ ಹೇನು. ಹೆಸರಿಗೆ ಹೇನು, ನಿಜವಾಗಿ ಅದು ಸಿಗಡಿ, ಏಡಿಗಳ ದೂರದ ನೆಂಟ. ಕುಂಬಳ ಬೀಜದ ಹಾಗೆ ಚಪ್ಪಟೆ, ಹಿಂದಿನದು ಕಾಣುವಷ್ಟು ತೆಳು. ಕೆಳಗಡೆ ಎರಡು ಬಟ್ಟಲಿನಂಥ ಹೀರುಕಗಳಿವೆ. ಅವುಗಳಿಂದ ಮೀನಿನ ಮೈಗೆ ಅಂಟಿಕೊಂಡು, ಸೂಜಿಯಂಥ ಬಾಯಿಂದ ಚುಚ್ಚಿ ರಸ ಹೀರುತ್ತದೆ. ಮೊಟ್ಟೆ ಇಡುವಾಗ ಮಾತ್ರ ಮೀನನ್ನು ಬಿಟ್ಟು, ನೀರಿನೊಳಗಿನ ಕಲ್ಲು, ಕಟ್ಟಿಗೆಯಂಥ ಗಟ್ಟಿ ಜಾಗ ಹುಡುಕಿ ಹೋಗುತ್ತದೆ. ಮೀನು ಸಾಕುವವರು ಇದರ ಗುಟ್ಟು ಅರಿತು ಹೊಂಡದಲ್ಲಿ ಬಿದಿರಿನ ಗಳ, ತಟ್ಟಿ ಇಳಿಬಿಡುತ್ತಾರೆ. ಹೇನು ಅಲ್ಲಿಯೇ ಮೊಟ್ಟೆ ಇಡುತ್ತದೆ. ಕೆಲವು ದಿನಕ್ಕೊಮ್ಮೆ ಗಳವನ್ನು ಎತ್ತಿ ನಮ್ಮ ಬಿಸಿಲಿಗೆ ಒಣಹಾಕಿದರೆ ಆಯಿತು, ಮೊಟ್ಟೆಗಳ ಕಥೆ ಮುಗಿಯಿತು. ರಾಯಚೂರಿನ ಬಿಸಿಲಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಈ ಮೀನುಗಳಿಗೆ.

ಮಸ್ಕಿ ಬಂತು. ಇಲ್ಲಿನ ಗುಡ್ಡದಲ್ಲಿ ಅಶೋಕನ ಶಾಸನದ ಬಂಡೆ ಇರುವುದು ನಿಮಗೆ ಗೊತ್ತು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಎಂಬುವರು ಅದನ್ನು ಕಂಡರು. 'ದೇವಾನಾಂಪ್ರಿಯ' ಎಂದು ಎಲ್ಲ ಕಡೆ ಬರೆಸಿಕೊಂಡ ರಾಜ ಅಶೋಕನೇ ಎಂಬುದನ್ನು ಗಟ್ಟಿ ಮಾಡಿದ್ದು ಈ ಮಸ್ಕಿ ಬಂಡೆಯ ಮೇಲಿನ ಹೆಸರು. ಅದೇ ರಾಜ ಉತ್ತರ ಭಾರತದ ಕಂಬಗಳ ಮೇಲೆ ಕೆತ್ತಿಸಿದ ಐದನೇ ಸ್ತಂಭ ಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಇದೆ. ಅದರಲ್ಲಿ ಮೀನೂ ಇದೆ. ಕೆಲವು ದಿನಗಳಲ್ಲಿ ಮೀನನ್ನು ಕೊಲ್ಲುವಂತಿಲ್ಲ, ಮಾರುವಂತಿಲ್ಲ ಎಂದೂ ಹೇಳಿದ್ದಾನೆ. ಬಸ್ಸಿನ ಕಿಟಕಿಯಿಂದ ಗುಡ್ಡ ನೋಡುತ್ತ ಇದು ನೆನಪಾಯಿತು, ಹೇಳಿದೆ. ಇನ್ನು ನಮ್ಮ ದಾರಿ ಹಿಡಿಯೋಣ.

ಮನೆ ಮುಟ್ಟಿದೆ. ಚಹಾಕ್ಕಿಂತ ಮೊದಲು ನೋಟ್‌ಬುಕ್ ಬಂತು. ಭಾನುವಾರ 14. ಸೋಮವಾರ 5. ಮಂಗಳವಾರ 4. ಬುಧವಾರ 9. ಗುರುವಾರ 16.

ಮಕ್ಕಳೇ, ಒಂದು ನಿಮಿಷ ನಿಂತು ಈ ಐದು ಅಂಕಿ ಮತ್ತೊಮ್ಮೆ ನೋಡಿ. ಏರಿತ್ತು, ಇಳಿಯಿತು, ಮತ್ತೆ ಏರಿತು. ಕಳ್ಳ ಒಬ್ಬನೇ ಆಗಿದ್ದರೆ ಹೀಗೇಕೆ ಆಗಬೇಕು? ಉತ್ತರ ಆಮೇಲೆ ಹೇಳುತ್ತೇನೆ. ಮೊದಲು ಮೀನು ನೋಡೋಣ.

ತೊಟ್ಟಿ ನಲವತ್ತು ಲೀಟರಿನದು. ಒಳಗೆ ಮೂರು ಗೋಲ್ಡ್‌ಫಿಶ್. ಚಿಕ್ಕಿ ಇದ್ದದ್ದೊಂದು ಸುಮ್ಮನೆ ಈಜುತ್ತಿತ್ತು. ಇದ್ದಕ್ಕಿದ್ದ ಹಾಗೆ ಒಂದು ಪಕ್ಕಕ್ಕೆ ವಾಲಿ, ಬಾಲ ಝಾಡಿಸಿ, ಕಪ್ಪು ಕಲ್ಲಿನ ಅಂಚಿಗೆ ಕೆನ್ನೆ ತಾಗಿಸಿಕೊಂಡು ಸರ್ರನೆ ಜಾರಿತು. ಜಾರುವಾಗ ಹೊಟ್ಟೆ ಫಳ್ಳನೆ ಹೊಳೆಯಿತು. ಬಹಳ ಮೀನುಗಳ ಬೆನ್ನು ಗಾಢ ಬಣ್ಣ, ಹೊಟ್ಟೆ ಬೆಳ್ಳಿ. ಆ ಬೆಳ್ಳಿಗೆ ಕಾರಣ ಚರ್ಮದೊಳಗಿರುವ ಗ್ವಾನಿನ್ ಎಂಬ ವಸ್ತುವಿನ ಹರಳುಗಳು. ಮೇಲಿಂದ ನೋಡುವ ಮಿಂಚುಳ್ಳಿಗೆ ಗಾಢ ಬೆನ್ನು ಕೆಸರಿನ ಬಣ್ಣದಲ್ಲಿ ಬೆರೆತು ಕಾಣುವುದಿಲ್ಲ. ಆದರೆ ಮೀನು ಪಕ್ಕಕ್ಕೆ ವಾಲಿದ ಗಳಿಗೆಯಲ್ಲಿ ಬೆಳ್ಳಿ ಮಿಂಚುತ್ತದೆ, ತಂತಿಯ ಮೇಲೆ ಕೂತ ಹಕ್ಕಿಗೆ ಕರೆ ಕೊಟ್ಟ ಹಾಗೆ. ಅಂದರೆ ಕಾಲುವೆಯ ಮೀನಿಗೆ ಮೈ ತಿಕ್ಕುವುದು ಜೀವದ ಮೇಲಿನ ಆಟ. ಆದರೂ ತಿಕ್ಕುತ್ತದೆಂದರೆ ಆ ಕೆರೆತ ಎಂಥದ್ದಿರಬೇಕು ನೀವೇ ಊಹಿಸಿ.

"ಮೀನಿನ ಮೈ ತುಂಬಾ ಹುರುಪೆ ಇರ್ತಾವಲ್ಲ ಮಾಮಾ, ಅಷ್ಟು ಗಟ್ಟಿ ಇದ್ದದ್ದಕ್ಕ ಕೆರೆತ ಹೆಂಗ ಗೊತ್ತಾಗ್ತೈತಿ?"

ಒಳ್ಳೆಯ ಪ್ರಶ್ನೆ. ಹುರುಪೆಯೇ ಮೀನಿನ ಹೊರ ಕವಚ ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಹುರುಪೆಯ ಬೇರು ಚರ್ಮದ ಒಳಪದರದಲ್ಲಿ. ಅದರ ಮೇಲೆ ಗಾಜಿನಷ್ಟು ತಿಳಿಯಾದ ಇನ್ನೊಂದು ತೆಳು ಪದರ ಹೊದ್ದಿರುತ್ತದೆ. ನಮ್ಮ ಚರ್ಮದ ಮೇಲ್ಭಾಗ ಸತ್ತ ಕೋಶಗಳದ್ದು, ಸ್ನಾನಕ್ಕೆ ತಿಕ್ಕಿದರೆ ಮಣ್ಣಾಗಿ ಉದುರುವುದು ಅದೇ. ಮೀನಿನದು ಮಾತ್ರ ಹೊರಗಿನ ಕಡೆಯ ಕೋಶದವರೆಗೂ ಜೀವಂತ. ಅದನ್ನು ಕಾಯುವುದು ಲೋಳೆ. ನೀವು ಮೀನು ಹಿಡಿದಾಗ ಕೈಯಿಂದ ಜಾರುತ್ತದಲ್ಲ, ಆ ಲೋಳೆಯೇ ಅದರ ಅಂಗಿ. ಒಣ ಕೈಯಲ್ಲಿ ಹಿಡಿದರೆ ಅಂಗಿ ನಿಮ್ಮ ಕೈಗೆ ಬಂದುಬಿಡುತ್ತದೆ.

ಇನ್ನು ಕಿವಿರು. ಕೆನ್ನೆಯ ಮುಚ್ಚಳದ ಕೆಳಗೆ ಕೆಂಪು ಬಾಚಣಿಗೆಯಂತೆ ಇರುವ ಈ ಅಂಗದಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ಕೂದಲಿಗಿಂತ ಎಷ್ಟೋ ತೆಳುವಾದ ಪೊರೆ. ನೀರಿನಲ್ಲಿ ಏನೇ ಖಾರ ಇದ್ದರೂ ಮೊದಲು ಉರಿಯುವುದು ಅಲ್ಲಿಯೇ. ಅದಕ್ಕೇ ನೋಡಿ, ನಮ್ಮ ಚಿಕ್ಕಿ ಮೀನು ಬೆನ್ನು ತಿಕ್ಕಲಿಲ್ಲ, ಕೆನ್ನೆ ತಿಕ್ಕಿತು.

ಮೀನಿಗೆ ನಿಜವಾಗಿ ಉರಿ ತಿಳಿಯುತ್ತದೆಯೇ ಎಂದು ವಿಜ್ಞಾನಿಗಳೂ ಬಹಳ ಕಾಲ ವಾದ ಮಾಡಿದರು. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡ್ಡನ್ ಮತ್ತು ಜೊತೆಗಾರರು ಟ್ರೌಟ್ ಮೀನುಗಳ ತುಟಿಗೆ ಒಂದು ಸಣ್ಣ ಚುಚ್ಚುಮದ್ದಿನಲ್ಲಿ ಅಸಿಟಿಕ್ ಆಮ್ಲ ಕೊಟ್ಟರು. ವಿನೆಗರ್‌ನಲ್ಲಿ ಇರುವುದು ಅದೇ ಆಮ್ಲ. ಆ ಮೀನುಗಳು ತೊಟ್ಟಿಯ ತಳದ ಹರಳಿಗೂ ಗೋಡೆಗೂ ತುಟಿ ಉಜ್ಜಿದವು. ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮೀನುಗಳು ಹಾಗೆ ಮಾಡಲಿಲ್ಲ. ಇರುವೆ ಕಚ್ಚಿದ ಬೆರಳನ್ನು ನಾವು ಉಜ್ಜಿಕೊಳ್ಳುವುದಿಲ್ಲವೇ?

ಈಗ ಪತ್ತೇದಾರಿಕೆ. "ಭಾನುವಾರ ತೊಟ್ಟಿಗೆ ಏನ್ ಮಾಡಿದ್ರಿ?"

"ಏನಿಲ್ಲ ಮಾಮಾ, ಸ್ವಚ್ಛ ಮಾಡಿದ್ವಿ. ಎಲ್ಲಾ ನೀರು ಚೆಲ್ಲಿ ನಳದ ನೀರು ತುಂಬಿದ್ವಿ. ಹರಳು ತೊಳದ್ವಿ. ಫಿಲ್ಟರಿನ ಸ್ಪಂಜು ಕರ್ರಗ ಆಗಿತ್ತು, ನಳದ ಕೆಳಗ ಹಿಂಡಿ ಹಿಂಡಿ ತೊಳದೆ. ಹೊಸದರಂಗ ಆತು!" ಹೆಮ್ಮೆಯಿಂದ ಹೇಳಿದಳು. ಬೈಯುವ ಹಾಗೂ ಇರಲಿಲ್ಲ, ಹೊಗಳುವ ಹಾಗೂ ಇರಲಿಲ್ಲ.

ಮೊದಲ ಕಳ್ಳ ನಳದಿಂದಲೇ ಬಂದಿದ್ದ. ಊರಿಗೆ ಬಿಡುವ ನೀರಿಗೆ ಕ್ಲೋರಿನ್ ಹಾಕುತ್ತಾರೆ. ಹಾಕದಿದ್ದರೆ ನಮಗೆ ವಾಂತಿಭೇದಿ ತಪ್ಪಿದ್ದಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಮ್ಮ ದೇಶದ ಮಾನಕ. ನಾವು ಅದನ್ನು ಹೊಟ್ಟೆಗೆ ಕುಡಿಯುತ್ತೇವೆ, ಏನೂ ಆಗುವುದಿಲ್ಲ. ಮೀನು ಅದನ್ನು ಉಸಿರಾಡುತ್ತದೆ. ವ್ಯತ್ಯಾಸ ಅಲ್ಲಿದೆ. ಆದರೆ ಕ್ಲೋರಿನ್ ನಿಲ್ಲುವ ಗಿರಾಕಿಯಲ್ಲ. ಅಗಲ ಬಾಯಿಯ ಬಕೆಟ್‌ನಲ್ಲಿ ನೀರು ತುಂಬಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟರೆ ಗಾಳಿಗೆ ಹಾರಿಹೋಗುತ್ತದೆ. ಭಾನುವಾರ 14 ಇದ್ದದ್ದು ಸೋಮವಾರ 5ಕ್ಕೆ ಇಳಿಯಿತಲ್ಲ, ಅದು ಕ್ಲೋರಿನ್ ಹಾರಿಹೋದ ಗುರುತು.

ಹಾಗಾದರೆ ಬುಧವಾರ ಏರಿದ್ದು? ಅದಕ್ಕೆ ಆ ಕಪ್ಪು ಸ್ಪಂಜಿನ ಕಥೆ ಹೇಳಬೇಕು.

ಮೀನು ತಿಂದದ್ದರ ಕಸ ಅಮೋನಿಯಾ ಆಗಿ ಹೊರಬೀಳುತ್ತದೆ, ಹೆಚ್ಚಿನದು ಕಿವಿರಿನಿಂದಲೇ. ಗದ್ದೆಗೆ ಹಾಕುವ ಯೂರಿಯಾ ಚೀಲ ಹಸಿಯಾಗಿ ಬಹಳ ದಿನ ಬಿದ್ದಿದ್ದರೆ ಮೂಗಿಗೆ ಘಾಟು ಹೊಡೆಯುತ್ತದಲ್ಲ, ಅದೇ ಅಮೋನಿಯಾ. ನದಿಯಲ್ಲಾದರೆ ಕೊಚ್ಚಿಹೋಗುತ್ತದೆ. ನಲವತ್ತು ಲೀಟರಿನಲ್ಲಿ ಎಲ್ಲಿ ಹೋಗಬೇಕು? ಮೀನು ತನ್ನ ಉಚ್ಚೆಯಲ್ಲೇ ಉಸಿರಾಡುವ ಪಾಡು. ಅದನ್ನು ಕಾಪಾಡುವವರು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳ ಓಣಿ ಯಾವುದು ಗೊತ್ತೇ? ಅದೇ ಕರ್ರಗಿನ ಸ್ಪಂಜು. ನಮ್ಮ ಹುಡುಗಿ ಹಿಂಡಿ ಹಿಂಡಿ ತೊಳೆದದ್ದು ಕೊಳೆಯನ್ನಷ್ಟೇ ಅಲ್ಲ, ಒಂದು ಇಡೀ ಊರನ್ನು. ಉಳಿದವರನ್ನು ಕ್ಲೋರಿನ್ ಮುಗಿಸಿತು. ಹಾಲು ಕೆಡಿಸುವ ಬ್ಯಾಕ್ಟೀರಿಯಾಗಳ ಹಾಗೆ ಇವು ಕೆಲವೇ ಗಂಟೆಗಳಲ್ಲಿ ಬೆಳೆಯುವವಲ್ಲ, ನಿಧಾನಸ್ಥರು. ಮತ್ತೆ ಮನೆಮಠ ಮಾಡಿಕೊಳ್ಳಲು ಮೂರು ನಾಲ್ಕು ವಾರ ಬೇಕು. ಅಷ್ಟರಲ್ಲಿ ದಿನದಿನಕ್ಕೂ ಅಮೋನಿಯಾ ಏರುತ್ತಿತ್ತು. ಜೊತೆಗೆ ಕೆರೆತವೂ.

ಅಂಗಡಿಯಿಂದ ಅಮೋನಿಯಾ ಪರೀಕ್ಷೆಯ ಹನಿ ಔಷಧ ತರಿಸಿದೆವು. ಪುಟ್ಟ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು, ಅದಕ್ಕೆ ಲೆಕ್ಕದ ಹನಿ. ಅಮೋನಿಯಾ ಇಲ್ಲದಿದ್ದರೆ ಬಣ್ಣ ಹಳದಿ. ಇದ್ದರೆ ಹಸಿರು. ನಳಿಕೆ ಕಿಟಕಿಯ ಬೆಳಕಿಗೆ ಹಿಡಿದಳು. ಐದು ನಿಮಿಷದಲ್ಲಿ ನಿಂಬೆಹಣ್ಣಿನ ಬಣ್ಣ ಬೇವಿನೆಲೆಯ ಬಣ್ಣಕ್ಕೆ ತಿರುಗಿತು.

"ಅಯ್ಯ!" ಎಂದಳು ಅಕ್ಕ, ಒಲೆಯ ಮುಂದಿನಿಂದಲೇ.

ಇದರಲ್ಲಿ ನಮ್ಮ ಸೀಮೆಗೆ ಸೇರಿದ ಇನ್ನೊಂದು ತಿರುವಿದೆ. ಬಯಲಾಟದಲ್ಲಿ ಒಬ್ಬನೇ ಎರಡು ಪಾತ್ರ ಹಾಕುವುದುಂಟಲ್ಲ, ಹಾಗೆ ನೀರಿನಲ್ಲಿ ಅಮೋನಿಯಾಕ್ಕೆ ಎರಡು ವೇಷ. ಒಂದು ಸಾಧು, ಅಮೋನಿಯಂ. ಇನ್ನೊಂದು ರಾಕ್ಷಸ, ಕಿವಿರಿನೊಳಗೆ ನುಗ್ಗುವ ಬಿಡಿ ಅಮೋನಿಯಾ. ಯಾರು ಎಷ್ಟು ಎಂಬುದನ್ನು ನೀರಿನ ಗುಣ ಹೇಳುತ್ತದೆ. 25 ಡಿಗ್ರಿ ಬೆಚ್ಚಗಿನ ನೀರು, ಹುಳಿ-ಕ್ಷಾರದ ಅಳತೆಯಾದ ಪಿಎಚ್ 7 ಇದ್ದರೆ ರಾಕ್ಷಸನ ಪಾಲು ನೂರಕ್ಕೆ ಸುಮಾರು ಅರ್ಧ. ಪಿಎಚ್ 8 ಆದರೆ ನೂರಕ್ಕೆ ಐದು. ಒಂದೇ ಮೆಟ್ಟಿಲು ಏರಿದರೆ ಹತ್ತು ಪಟ್ಟು! ಬಿಸಿ ಹೆಚ್ಚಾದಂತೆ ಇನ್ನೂ ಏರುತ್ತದೆ. ನಮ್ಮ ಕಡೆಯ ಬೋರಿನ ನೀರು ಎಂಥದ್ದೆಂದು ಬೇಳೆ ಬೇಯಿಸುವ ಎಲ್ಲ ಅವ್ವಂದಿರಿಗೂ ಗೊತ್ತು: ಪಾತ್ರೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುವ ಗಡುಸು ನೀರು. ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ 7ರ ಮೇಲೆಯೇ. ಅದರ ಮೇಲೆ ನಮ್ಮ ಏಪ್ರಿಲ್, ಮೇ. ಬೇರೆ ಊರಿನ ಪುಸ್ತಕದಲ್ಲಿ 'ಇಷ್ಟು ಅಮೋನಿಯಾ ಪರವಾಗಿಲ್ಲ' ಎಂದಿದ್ದರೆ ಇಲ್ಲಿ ಕಣ್ಣು ಮುಚ್ಚಿ ನಂಬಬೇಡಿ.

ಹಾಗಾದರೆ ಕ್ಯಾನಿನ ಫಿಲ್ಟರ್ ನೀರು ಹಾಕಿದರೆ ಒಳ್ಳೆಯದಲ್ಲವೇ ಎಂದು ಅವಳ ಅಣ್ಣ ಕೇಳಿದ. ಅದೂ ಬೇಡ. ಅದನ್ನು ಸೋಸುವ ಆರ್‌ಓ ಯಂತ್ರ ನೀರಿನ ಬಹುಪಾಲು ಲವಣಗಳನ್ನು ತೆಗೆದುಬಿಟ್ಟಿರುತ್ತದೆ. ಸಿಹಿನೀರಿನ ಮೀನಿನ ಮೈಯಿಂದ ಲವಣ ಸದಾ ನೀರಿಗೆ ಸೋರುತ್ತಿರುತ್ತದೆ. ಅದನ್ನು ಕಿವಿರಿನಿಂದ ಮತ್ತೆ ಎಳೆದುಕೊಂಡೇ ಅದು ಬದುಕುವುದು. ನೀರಿನಲ್ಲೇ ಇಲ್ಲದಿದ್ದರೆ ಎಲ್ಲಿಂದ ಎಳೆಯಬೇಕು? ಗಡುಸು ನೀರಿಗೆ ಒಗ್ಗಿದ ಮೀನನ್ನು ಒಮ್ಮೆಲೇ ಆ ಕ್ಯಾನಿನ ನೀರಿಗೆ ಹಾಕಿದರೆ ಕೆರೆತ ಶುರುವಾಗಲು ಅದೇ ಸಾಕು.

ಔಷಧ ಹಾಕಬೇಡ ಎಂದು ಫೋನಿನಲ್ಲೇ ಯಾಕೆ ಹೇಳಿದೆ ಗೊತ್ತೇ? ನಾನೂ ಹಿಂದೆ ಮೀನು ಸಾಕಿದ್ದೆ. ಒಂದು ಸಂಜೆ ಎರಡು ಸಲ ಮೈ ತಿಕ್ಕಿದ್ದೇ ತಡ, ಓಡಿಹೋಗಿ ನೀಲಿ ಔಷಧ ತಂದು ಸುರಿದೆ. ಮೆಥಿಲೀನ್ ಬ್ಲೂ. ತೊಟ್ಟಿಯ ನೀರು ಶಾಯಿಯಾಯಿತು, ನನ್ನ ಬೆರಳು ನೀಲಿಯಾದವು, ಅವ್ವನ ಸ್ಟೀಲಿನ ಚೊಂಬಿನ ಅಂಚಿನಲ್ಲಿ ನೀಲಿ ಗೆರೆ ನಿಂತಿತು. ಸ್ಪಂಜಿನ ಬ್ಯಾಕ್ಟೀರಿಯಾಗಳಿಗೂ ಅದು ವಿಷ ಎಂದು ಯಾರು ಹೇಳಬೇಕಿತ್ತು? ಇದ್ದ ಅಮೋನಿಯಾಕ್ಕೆ ಇನ್ನಷ್ಟು ಸೇರಿತು. ನಾಲ್ಕನೇ ದಿನ ತೊಟ್ಟಿ ಖಾಲಿ. ಚೊಂಬಿನ ಗೆರೆಯನ್ನು ಅವ್ವ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಹಾಗೆಂದು ಔಷಧ ಬೇಕಾಗುವ ಕೆರೆತವೇ ಇಲ್ಲವೆಂದಲ್ಲ. ನಮ್ಮ ಮೀನುಗಳ ಮೈಮೇಲೆ, ರೆಕ್ಕೆಯ ಮೇಲೆ ರವೆಯ ಕಾಳಿನಂಥ ಬಿಳಿ ಚುಕ್ಕೆ ಕಂಡಿದ್ದರೆ ಕಥೆ ಬೇರೆ. ಅದೊಂದು ಏಕಕೋಶ ಜೀವಿ, ನಿಮ್ಮ ವಿಜ್ಞಾನ ಪುಸ್ತಕದ ಪ್ಯಾರಮೀಸಿಯಂನ ಬಳಗ. ಹೆಸರು ಇಕ್ತಿಯೋಫ್ತೀರಿಯಸ್ ಮಲ್ಟಿಫಿಲಿಯಿಸ್. ನಾಲಿಗೆ ತಿರುಗದಿದ್ದರೆ ಬಿಡಿ, ಮೀನು ಸಾಕುವವರೂ 'ಇಕ್' ಎಂದು ಮೊಟಕು ಮಾಡಿದ್ದಾರೆ. ಹೆಸರಿನ ಅರ್ಥ ಮಾತ್ರ ಮಜವಾಗಿದೆ: ಬಹಳ ಮಕ್ಕಳಿರುವ ಮೀನಿನ ಹೇನು. 1876ರಲ್ಲಿ ಈ ಹೆಸರಿಟ್ಟ ಫ್ರಾನ್ಸಿನ ಫೂಕೆ ಲೆಕ್ಕ ಸರಿಯಾಗಿಯೇ ಹಿಡಿದಿದ್ದ.

ಅದರ ಬಾಳು ಹೀಗೆ. ಮೀನಿನ ಚರ್ಮದ ತೆಳು ಮೇಲ್ಪದರದ ಅಡಿಯಲ್ಲಿ ಹೊಕ್ಕು ಕೂತು, ಸುತ್ತಲಿನ ಕೋಶಗಳನ್ನು ತಿಂದು ದಪ್ಪಗಾಗುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಇದೇ. ಹೊಟ್ಟೆ ತುಂಬಿದ ಮೇಲೆ ಚರ್ಮ ಸೀಳಿ ಹೊರಬಿದ್ದು ತಳದ ಹರಳಿನ ಮೇಲೆ ಅಂಟಿ, ಸುತ್ತ ಒಂದು ಗೂಡು ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು, ಕೆಲವೊಮ್ಮೆ ಸಾವಿರದವರೆಗೆ ಮರಿಗಳು. ಗಾಂಧಾರಿಗೆ ನೂರು ಮಕ್ಕಳೆಂದು ಬಾಯಿ ಬಿಡುತ್ತೇವೆ! ಗೂಡು ಒಡೆದು ಹೊರಟ ಮರಿಗಳಿಗೆ ಇರುವುದು ಎರಡು ದಿನದಷ್ಟು ಕಾಲ. ಅಷ್ಟರಲ್ಲಿ ಮೀನು ಸಿಕ್ಕರೆ ಬದುಕು, ಇಲ್ಲದಿದ್ದರೆ ಸಾವು. 25 ಡಿಗ್ರಿ ನೀರಿನಲ್ಲಿ ಈ ಚಕ್ರ ವಾರದೊಳಗೆ ಮುಗಿಯುತ್ತದೆ. ತಣ್ಣೀರಿನಲ್ಲಿ ವಾರಗಟ್ಟಲೆ ಎಳೆಯುತ್ತದೆ.

ಔಷಧ ತಟ್ಟುವುದು ಈಜುವ ಮರಿಗಳಿಗೆ ಮಾತ್ರ. ಚರ್ಮದೊಳಗೆ ಕೂತದ್ದಕ್ಕೂ ಗೂಡಿನಲ್ಲಿರುವುದಕ್ಕೂ ಅದು ತಟ್ಟುವುದಿಲ್ಲ. ಚುಕ್ಕೆ ಉದುರಿತು, ರೋಗ ಹೋಯಿತು ಎಂದು ಜನ ಔಷಧ ನಿಲ್ಲಿಸುತ್ತಾರೆ. ಚುಕ್ಕೆ ಉದುರಿದ್ದೆಂದರೆ ರಕ್ತಬೀಜಾಸುರನ ಹನಿ ನೆಲಕ್ಕೆ ಬಿದ್ದ ಹಾಗೆ, ತಳದಲ್ಲಿ ಪಡೆ ತಯಾರಾಗುತ್ತಿರುತ್ತದೆ. ಚುಕ್ಕೆ ಮಾಯವಾದ ಮೇಲೂ ದೊಡ್ಡವರ ಜೊತೆಗೂಡಿ ಚಿಕಿತ್ಸೆ ಮುಂದುವರಿಸಬೇಕು. ಈ ಕಳ್ಳ ಬಹಳ ಸಲ ಹೊಸ ಮೀನಿನ ಜೊತೆ ಬರುತ್ತಾನೆ. ಚೆನ್ನೈನ ಕೊಳತ್ತೂರಿನಂಥ ಬಣ್ಣದ ಮೀನಿನ ದೊಡ್ಡ ಪೇಟೆಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ, ನೀರು, ಆಮ್ಲಜನಕ ತುಂಬಿಸಿಕೊಂಡು, ರಾತ್ರಿಯೆಲ್ಲ ಪಯಣಿಸಿ ಬರುವ ಮೀನು ಮೊದಲೇ ಸುಸ್ತಾಗಿರುತ್ತದೆ. ಹೊಸದನ್ನು ಎರಡು ಮೂರು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡಿ, ಆಮೇಲೆ ಮನೆಮಂದಿಯ ಜೊತೆ ಬಿಡಿ.

ನಮ್ಮ ಮೀನಿಗೆ ತಿಕ್ಕಲು ಕಲ್ಲಾದರೂ ಇದೆ. ಕಡಲಿನಲ್ಲಿ ಕಲ್ಲೇ ಸಿಗದ ಮೀನು ಏನು ಮಾಡುತ್ತದೆ? ಟ್ಯೂನಾ ಮೀನಿನ ಕೆಳಗೆ ಸಾವಿರಾರು ಮೀಟರ್ ಬರೀ ನೀರು. 2022ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದವರು ಕಡಲಿನಲ್ಲಿ ಇಳಿಬಿಟ್ಟ ಕ್ಯಾಮೆರಾಗಳ ಚಿತ್ರಗಳನ್ನು ನೋಡಿ ಬರೆದದ್ದು ಇದು: ಟ್ಯೂನಾಗಳು ಶಾರ್ಕ್‌ನ ಹಿಂದಿನಿಂದ ಬಂದು ಅದರ ಬಾಲದ ಕಡೆ ಮೈ ಉಜ್ಜಿಕೊಂಡು ಹೋಗುತ್ತವೆ. ಶಾರ್ಕ್‌ನ ಚರ್ಮದ ಮೇಲೆ ಸಣ್ಣ ಹಲ್ಲಿನಂಥ ಹುರುಪೆಗಳು, ಬಡಗಿಯ ಉಪ್ಪುಕಾಗದದಂತೆ ಒರಟು. ಉಜ್ಜುವುದು ಹೆಚ್ಚಾಗಿ ತಲೆ, ಕಣ್ಣು, ಕಿವಿರಿನ ಭಾಗ. ಇದನ್ನು ಹೇಳಿದಾಗ ಅಕ್ಕನ ಮಗಳು ಬಹಳ ಹೊತ್ತು ನಕ್ಕಳು. "ಹುಲಿ ಮೈಗೆ ಬೆನ್ನು ತಿಕ್ಕಿದಂಗ ಆತಲ್ಲ ಮಾಮಾ!"

ಮತ್ತೆ ನಮ್ಮ ತೊಟ್ಟಿಗೆ ಬರೋಣ. ನಾವು ಮಾಡಿದ್ದು ಇಷ್ಟೇ. ಅಂಗಳದಲ್ಲಿ ದಿನಾ ಒಂದು ಬಕೆಟ್ ನಳದ ನೀರು ತೆರೆದಿಡುವುದು. ಮರುದಿನ ತೊಟ್ಟಿಯ ಕಾಲುಭಾಗ ನೀರು ತೆಗೆದು, ಅದನ್ನು ನಿಧಾನಕ್ಕೆ ಸುರಿಯುವುದು. ಆಹಾರ ದಿನಕ್ಕೆ ಒಮ್ಮೆ, ಚಿಟಿಕೆ. ಸ್ಪಂಜನ್ನು ಇನ್ನು ಮುಂದೆ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಒಮ್ಮೆ ಅದ್ದಿ ಹಿಂಡುವುದು. ಕರ್ರಗಿದ್ದರೆ ಇರಲಿ. ತೆಗೆದ ನೀರು ಅಕ್ಕನ ಕರಿಬೇವಿನ ಗಿಡಕ್ಕೆ.

ನೋಟ್‌ಬುಕ್ಕಿನ ಎಣಿಕೆ ಮೊದಲ ವಾರ ಮೇಲೆ ಕೆಳಗೆ ಆಡಿತು. ಎರಡನೇ ವಾರ ಐದರ ಒಳಗೆ ಬಂತು. ನಾಲ್ಕನೇ ವಾರ ನಾನು ಮತ್ತೆ ಹೋದಾಗ ಪರೀಕ್ಷೆಯ ನಳಿಕೆ ಹಳದಿಯಾಗಿಯೇ ಉಳಿಯಿತು. ಕಡೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದಿದ್ದಳು: "ಸೋಮವಾರ 0. ಮಂಗಳವಾರ 1. ಚಿಕ್ಕಿ ಮೀನು. ಸುಮ್ನ ತಿಕ್ಕಿರಬೇಕು, ನಾನೂ ಇವತ್ತ ಒಂದ್ಸಲ ಕೆರಕೊಂಡೀನಿ."